ಹಗೇವಿನ ಚಿನ್ನ

ಗೊಟ್ಟಿಗೆರೆಯ ಹಳೇ ಊರಿನೊಳಗೆ ಬೋರಣ್ಣನ ಹೆಂಚಿನ ಮನೆಯನ್ನು ಕೆಡವಿ ಒಂದೂವರೆ ತಿಂಗಳಾಗಿತ್ತು. ಆ ಜಾಗದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ ಮೇಲಿನ ಮೂರನ್ನು ಬಾಡಿಗೆಗೆ ಕೊಡಬೇಕೆಂಬುದು ಅವನ ಮಗನ ಆಸೆ. ಅಲ್ಲಿಯವರೆಗೆ ಮನೆಮಂದಿಯೆಲ್ಲ ಹಿಂದಿನ ಬೀದಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಇದ್ದರು. ಬೋರಣ್ಣ, ಅವನ ಹೆಂಡತಿ ನಾರಾಯಣಮ್ಮ, ಮಗ, ಸೊಸೆ ಶಾಲಿನಿ, ಮೊಮ್ಮಕ್ಕಳು ಮನೋಜ ಮತ್ತು ಮೋಹಿತ. ಮನೋಜನಿಗೆ ಹದಿಮೂರು, ಮೋಹಿತನಿಗೆ ಒಂಬತ್ತು. ಬೇಸಿಗೆ ರಜೆ ಬೇರೆ. ಹುಡುಗರನ್ನು ಒಳಗೆ ಹಿಡಿದಿಡುವವರು ಯಾರು? ಬೆಳಗಾದರೆ ಸೈಟಿಗೆ ಓಡುವರು, ಹೊಟ್ಟೆ ಹಸಿದರೆ ಮನೆಗೆ ಬರುವರು.

ದನದ ಕೊಟ್ಟಿಗೆಯ ಚಪ್ಪಡಿಗಳನ್ನು ಜೆಸಿಬಿ ಕಿತ್ತಾಗ ಕೆಳಗೊಂದು ಬಾಯಿ ಕಾಣಿಸಿತ್ತು.

"ಹಗೇವು ಕಣ್ರೋ ಇದು," ಎಂದಿದ್ದ ಮೇಸ್ತ್ರಿ ತಿಪ್ಪಣ್ಣ. "ನಿಮ್ಮ ಮುತ್ತಾತ ರಾಗಿ ತುಂಬಿಡ್ತಿದ್ದ ಗುಂಡಿ. ಹತ್ತು ವರ್ಷ ಇಟ್ರೂ ಒಂದು ಹುಳ ಬೀಳ್ತಿರ್ಲಿಲ್ಲ. ಈಗ ನಿಮಗೆ ಪ್ಯಾಕೆಟ್ ಹಿಟ್ಟು. ಇದ್ಯಾಕೆ ಬೇಕು ಬಿಡಿ."

ಹಗೇವಿಗೆ ಮೇಲೆ ಒಬ್ಬ ಆಳು ಇಳಿಯುವಷ್ಟೇ ಬಾಯಿ. ಒಳಗೆ ಹೋದಂತೆ ಹೂಜಿಯ ಹೊಟ್ಟೆಯ ಹಾಗೆ ಅಗಲ. ಪಿಲ್ಲರಿಗೆ ಗುಂಡಿ ತೋಡುವಾಗ ಜೆಸಿಬಿಯ ಹಲ್ಲು ಆ ಹೊಟ್ಟೆಯ ಒಂದು ಪಕ್ಕವನ್ನೇ ಸೀಳಿ ಹಾಕಿತ್ತು. ಒಡೆದ ಮಡಕೆಯಂತೆ ಅದು ಬಿಸಿಲಿಗೆ ಮೈಯೊಡ್ಡಿ ಬಿದ್ದಿತ್ತು. ತಳದಲ್ಲಿ ಹಳೇ ರಾಗಿ ಕೊಳೆತು, ಒಣಗಿ, ಇದ್ದಿಲ ಪುಡಿಯಂತೆ ಕಪ್ಪಾಗಿತ್ತು. ಅಷ್ಟರಲ್ಲಿ ಕೆಲಸದವರು ಯಾರದೋ ಮದುವೆಯೆಂದು ಊರಿಗೆ ಹೋದರು, ಎರಡು ಮಳೆ ಬಂತು, ಪಿಲ್ಲರ್ ಗುಂಡಿಗಳಲ್ಲೆಲ್ಲ ಮೊಣಕಾಲುದ್ದ ನೀರು ನಿಂತಿತು, ಹಗೇವಿನ ತಳವಷ್ಟೇ ತುಸು ಎತ್ತರದಲ್ಲಿದ್ದು ಉಳಿಯಿತು. ಕೆಲಸವೂ ನಿಂತಿತು.

ಒಂದು ಭಾನುವಾರ ಮಧ್ಯಾಹ್ನ, ಹಾರಿಹೋದ ಚೆಂಡು ಹುಡುಕಲು ಮೋಹಿತ ಆ ಸೀಳಿನಿಂದ ಒಳಗಿಳಿದ. ಕಪ್ಪು ಪುಡಿಯೊಳಗೆ ಕಾಲ್ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಕೆದಕಿದರೆ ಹಿತ್ತಾಳೆಯ ಅಂಚು.

"ಅಣ್ಣಾ, ಬಾರೋ ಇಲ್ಲಿ!"

ಮನೋಜ ಬಂದು ಬಗ್ಗಿ ನೋಡಿದ. ತಕ್ಷಣ ತಮ್ಮನ ಬಾಯಿಯನ್ನೇ ಮುಚ್ಚಿದ. "ಕೂಗ್ಬೇಡ್ವೋ. ನಿಧಿ ಕಣೋ ಮಗಾ, ನಿಧಿ!"

ಇಬ್ಬರೂ ಎಳೆದರೂ ಅದು ಜಗ್ಗಲಿಲ್ಲ. ಎದುರು ಮನೆಯ ಚಿಕ್ಕಬೈರಪ್ಪ ಮಹಡಿಯ ಮೇಲೆ ಬಟ್ಟೆ ತೆಗೆಯಲು ಬಂದು, "ಏನ್ರೋ ಅಲ್ಲಿ ಹಾವು ಹಿಡೀತಿದೀರಾ?" ಎಂದು ಕೂಗಿದ. ನಾಳೆ ಹಾರೆ ತರೋಣ ಎಂದು ಮನೋಜ ಮಣ್ಣು ಮುಚ್ಚಿದ.

ಮನೆಗೆ ಬಂದರೆ ಅಜ್ಜಿ ನಾರಾಯಣಮ್ಮ ಮೊರದಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಮೋಹಿತ ಪಕ್ಕದಲ್ಲಿ ಕೂತು ತಾನೂ ನಾಲ್ಕು ಕಲ್ಲು ಆರಿಸಿದ. ಆಮೇಲೆ ಕೇಳಿದ:

"ಅಜ್ಜಿ, ನಿಧಿ ಸಿಕ್ಕಿದ್ರೆ ಏನಾಗುತ್ತೆ?"

"ಯಾರಿಗೋ ಸಿಕ್ಕಿದ್ದು?"

"ಯಾರಿಗೂ ಇಲ್ಲ. ಕಥೇಲಿ."

"ಕಥೇಲಿ ಸಿಕ್ಕಿದ್ರೆ ರಾಜನ ಮಗಳು ಸಿಕ್ತಾಳೆ. ನಮ್ಮಂಥೋರಿಗೆ ಸಿಕ್ಕಿದ್ರೆ ಮನೆ ಹಾಳು." ಅಜ್ಜಿ ಮೊರ ಕೊಡವಿದಳು. "ನಿಧಿ ಬಲಿ ಕೇಳುತ್ತೆ ಕಣಪ್ಪ. ಮನೆಯ ಹಿರೀ ಮಗನ್ನ ಕೇಳುತ್ತೆ. ನಿಮ್ಮ ತಾತಂಗೆ ಒಬ್ಬ ಅಣ್ಣ ಇದ್ದ, ದಾಸಪ್ಪ ಅಂತ. ಹದಿನಾರು ವರ್ಷದ ಹುಡುಗ. ನಮ್ಮ ಹಗೇವಿಗೆ ಇಳಿದೋನು ಜೀವ ಇಟ್ಕೊಂಡು ಮೇಲೆ ಬರ್ಲಿಲ್ಲ. ಅದ್ರಲ್ಲಿ ನಿಧಿ ಇತ್ತು, ಹಿರೀ ಮಗನ ಕೈ ಸೋಕ್ತು, ತಗೊಂಬಿಡ್ತು. ನಮ್ಮತ್ತೆ ಬಾಯಿಂದ್ಲೇ ಕೇಳಿದ್ದು ನಾನು. ಅವತ್ತಿಂದ ಅದರ ಬಾಯಿ ಮುಚ್ಚಿ ಮೇಲೆ ಕೊಟ್ಟಿಗೆ ಕಟ್ಟಿದ್ರು."

"ಕಿರೀ ಮಗ ಮುಟ್ಟಿದ್ರೆ?"

"ಕಿರಿಯೋರನ್ನ ಏನೂ ಮಾಡಲ್ಲ. ಅದಕ್ಕೆ ಹಿರಿಯೋನೇ ಬೇಕು. ಏಳು, ಆ ನೀರಿನ ಚೊಂಬು ತಗೊಂಬಾ."

ಮೋಹಿತ ಎದ್ದು ಚೊಂಬು ತಂದುಕೊಟ್ಟ. ಕೊಡುವಾಗ ಅರ್ಧ ನೀರು ಮೊರದಲ್ಲೇ ಚೆಲ್ಲಿತು.

ಹೇಳಿಬಿಡಬೇಕಿತ್ತು. ಆ ಸಂಜೆ ಅಣ್ಣನ ಪಕ್ಕದಲ್ಲಿ ಊಟಕ್ಕೆ ಕೂತಾಗ ಎರಡು ಸಲ ಬಾಯಿ ತೆರೆದ. ಆದರೆ ಹೋದ ವಾರವಷ್ಟೇ ಹಲ್ಲಿ ಮೈಮೇಲೆ ಬಿತ್ತೆಂದು ಅತ್ತಿದ್ದಕ್ಕೆ ಮನೋಜ ಕ್ರಿಕೆಟ್ ಹುಡುಗರ ಮುಂದೆಲ್ಲ ಅವನಿಗೆ 'ಪುಕ್ಕಲ' ಎಂದು ಹೆಸರಿಟ್ಟಿದ್ದ. ಇದನ್ನು ಹೇಳಿದರೆ ಆ ಹೆಸರು ಅಂಟಿಕೊಂಡೇ ಉಳಿಯುತ್ತದೆ. ನಾನೇ ಮೊದಲು ಮುಟ್ಟಿ ತೆಗೆದುಬಿಡುತ್ತೇನೆ, ಆಗ ಏನೂ ಆಗುವುದಿಲ್ಲ ಎಂದು ಮೋಹಿತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮರುದಿನ ಹಾರೆ ಹಾಕಿ ಮೀಟಿದರು. ಮಣ್ಣು ಸಡಿಲವಾಯಿತು.

"ನಾನ್ ತೆಗೀತೀನಿ ಅಣ್ಣ," ಎಂದ ಮೋಹಿತ.

"ಸರಿಯೋ ಆ ಕಡೆ. ನಿನ್ ಕೈಲಿ ಏನಾಗುತ್ತೆ, ಇಡ್ಲಿ ಕೈ."

"ಅಣ್ಣ, ಬೇಡ, ನೀನು..."

"ನಾನು? ಏನ್ ನಾನು?"

ಮೋಹಿತ ಪಕ್ಕಕ್ಕೆ ಸರಿದ. ಮನೋಜ ಎರಡೂ ಕೈಯಿಂದ ಅಂಚು ಹಿಡಿದು, ಹಲ್ಲು ಕಚ್ಚಿ ಎಳೆದ. ಹಿತ್ತಾಳೆಯ ಬಿಂದಿಗೆ ಅವನ ಎದೆಯ ಮೇಲೆಯೇ ಬಂದು ಬಿತ್ತು.

ಬಾಯಿಗೆ ಬಟ್ಟೆ ಸುತ್ತಿತ್ತು. ಬಟ್ಟೆ ಮುಟ್ಟಿದೊಡನೆ ಪುಡಿಯಾಯಿತು. ಒಳಗೆ ಕಾಸಿನ ಸರ, ಕತ್ತಿಗೆ ಕಟ್ಟುವ ಅಡ್ಡಿಕೆ, ಜೋಡಿ ವಂಕಿ, ಕಿವಿಯ ಬುಗುಡಿ, ಕೈಯಗಲದ ಡಾಬು. ಹುಡುಗರಿಗೆ ಒಂದರ ಹೆಸರೂ ಗೊತ್ತಿಲ್ಲ, ಆದರೆ ಚಿನ್ನದ ಬಣ್ಣ ಯಾರಿಗೆ ತಿಳಿಯದು? ಮನೋಜ ಡಾಬನ್ನು ಅಂಗಿಯ ಮೇಲೆ ಸೊಂಟಕ್ಕೆ ಸುತ್ತಿಕೊಂಡು ಗುಂಡಿಯೊಳಗೇ ಕುಣಿದ.

"ಗುರು, ನಾವು ಸಖತ್ ಶ್ರೀಮಂತ್ರು! ನಂಗೆ ಒಂದು ಬೈಕು. ನಿಂಗೆ ಗೇರ್ ಸೈಕಲ್ಲು."

"ಅಪ್ಪಂಗೆ ಹೇಳೋಣ."

"ಹುಚ್ಚಾ ನಿಂಗೆ? ಅಪ್ಪ ಇದನ್ನ ಪೂರ್ತಿ ಸಿಮೆಂಟಿಗೆ ಸುರಿದುಬಿಡ್ತಾರೆ. ಆಣೆ ಮಾಡು. ಅಮ್ಮನ ಮೇಲೆ."

ಮೋಹಿತ ಆಣೆ ಮಾಡಿದ. ಬಿಂದಿಗೆಯನ್ನು ಹಳೇ ಕ್ರಿಕೆಟ್ ಬ್ಯಾಗಿನಲ್ಲಿ ಪ್ಯಾಡುಗಳ ಕೆಳಗೆ ತುರುಕಿ, ಬಾಡಿಗೆ ಮನೆಯ ಮಂಚದಡಿಗೆ ತಳ್ಳಿದರು. ಮಕ್ಕಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲದು ಎನ್ನುತ್ತಾರೆ. ಹಾಗೆನ್ನುವವರು ತಮ್ಮ ಬಾಲ್ಯವನ್ನು ಮರೆತವರು. ಆ ಗುಟ್ಟು ಮೋಹಿತನ ಹೊಟ್ಟೆಯಲ್ಲಿ ನುಂಗಿದ ಕಲ್ಲಿನಂತೆ ನಿಂತಿತು. ಅಣ್ಣ ಕೆಮ್ಮಿದರೆ ಇವನು ಓಡಿಬಂದು ಮುಖ ನೋಡುತ್ತಿದ್ದ. ಅಣ್ಣ ರಸ್ತೆ ದಾಟಿದರೆ ಇವನು ಅಂಗಿ ಹಿಡಿದು ಎಳೆಯುತ್ತಿದ್ದ. "ಯಾಕೋ ನನ್ ಬಾಲ ಆಗಿದೀಯ?" ಎಂದು ಮನೋಜ ತಲೆಗೆ ಮೊಟಕುತ್ತಿದ್ದ.

ಎಂಟನೆಯ ದಿನ ಆಟದ ನಡುವೆ ಮನೋಜ ಬ್ಯಾಟನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಳಿತುಬಿಟ್ಟ.

"ಕಣ್ಣು ನೋಯ್ತಿದೆ ಕಣೋ," ಎಂದ. "ಕಣ್ಣಿನ ಹಿಂದೆ."

ಮುಟ್ಟಿದರೆ ಮೈ ಕಾದ ಹೆಂಚು. ಮೂರು ದಿನ ಜ್ವರ ಇಳಿಯಲಿಲ್ಲ. ತೋಳಿನ ಮೇಲೆ ಕೆಂಪು ಚುಕ್ಕೆ ಎದ್ದವು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂತು. ಬಿಳೇಕಹಳ್ಳಿಯ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ಡಾಕ್ಟರ್ ಬಸವಪ್ರಸಾದ್ ರಿಪೋರ್ಟ್ ನೋಡಿ, "ಡೆಂಗಿ. ಸೊಳ್ಳೆಯಿಂದ ಬರೋದು. ಪ್ಲೇಟ್‌ಲೆಟ್ ಇಳೀತಾ ಇದೆ. ಮನೆ ಹತ್ರ ಎಲ್ಲಾದ್ರೂ ನೀರು ನಿಂತಿದ್ಯೇನಮ್ಮ?" ಎಂದು ಕೇಳಿದರು.

"ಸೈಟಲ್ಲಿ ನಿಂತಿತ್ತು ಸಾರ್, ಗುಂಡೀಲಿ," ಎಂದಳು ಶಾಲಿನಿ. "ದಿನಾ ಅಲ್ಲೇ ಆಡೋನು."

ಬಾಗಿಲ ಬಳಿ ನಿಂತಿದ್ದ ಮೋಹಿತನ ಕಿವಿಗೆ ಸೊಳ್ಳೆಯೂ ಬೀಳಲಿಲ್ಲ, ನೀರೂ ಬೀಳಲಿಲ್ಲ. ಗುಂಡಿ ಎಂಬ ಒಂದೇ ಮಾತು ಬಿತ್ತು.

ಮಕ್ಕಳನ್ನು ವಾರ್ಡಿನಲ್ಲಿ ಇರಗೊಡುವುದಿಲ್ಲವೆಂದು ಮೋಹಿತನನ್ನು ತಾತನ ಜೊತೆ ಮನೆಗೆ ಕಳಿಸಿದರು. ಅಪ್ಪ, ಅಮ್ಮ, ಅಜ್ಜಿ ಅಲ್ಲೇ ಉಳಿದರು. ಮರುದಿನ ಮಧ್ಯಾಹ್ನ ತಾತ ಅನ್ನಕ್ಕೆ ಸಾರು ಕಲಸಿ ಇಟ್ಟ. ಮೋಹಿತ ತಟ್ಟೆಯ ಅಂಚಿಗೆ ಅನ್ನವನ್ನು ತಳ್ಳುತ್ತಾ ಕೂತ. ತಾತ ಕೈ ತೊಳೆಯಲು ಎದ್ದಾಗ ಅವನ ಫೋನ್ ಹೊಡೆದುಕೊಂಡಿತು. ಅಮ್ಮನ ಫೋನಿನಿಂದ ಮನೋಜ.

"ಪುಕ್ಕಲ," ಅಂದ. ದನಿ ಬಾವಿಯೊಳಗಿನಿಂದ ಬಂದ ಹಾಗಿತ್ತು. "ಬ್ಯಾಗ್ ಹುಷಾರಾಗಿದ್ಯಾ?"

"ಹೂಂ."

"ಅಜ್ಜಿ ಇಲ್ಲಿ ಒಂದೇ ಸಮ ಅಳ್ತಾವ್ಳೆ. 'ನಮ್ಮನೇಲಿ ಹಿರೀ ಮಕ್ಳು ಉಳಿಯಲ್ಲ' ಅಂತ ಅಮ್ಮಂಗೆ ಹೇಳ್ತಿದ್ಲು. ನಾನು ನಿದ್ದೆ ಮಾಡ್ತಿದೀನಿ ಅನ್ಕೊಂಡು. ಏನದು? ನಿಂಗೇನಾದ್ರೂ ಗೊತ್ತಾ?"

ಮೋಹಿತ ಫೋನನ್ನು ಕತ್ತರಿಸಿದ. ಅದು ಮತ್ತೆ ಹೊಡೆದುಕೊಂಡಿತು. ಅವನು ದಿಂಬಿನ ಕೆಳಗಿಟ್ಟ. ತಾತ ಕೈ ತೊಳೆದು ಬಂದು, "ಯಾರಪ್ಪ?" ಎಂದ. "ರಾಂಗ್ ನಂಬರ್," ಎಂದ ಮೋಹಿತ.

ಬೆಳಿಗ್ಗೆ ತಿಪ್ಪಣ್ಣ ಬಂದು ಹೇಳಿಹೋಗಿದ್ದ. ಕೆಲಸದವರು ವಾಪಸ್ ಬಂದಿದ್ದಾರೆ, ಗುಂಡಿಯ ನೀರು ಹೊಡೆದು ಕಂಬಿ ಕಟ್ಟಿ ಆಗಿದೆ, ನಾಳೆ ಬೆಳಿಗ್ಗೆ ಕಾಂಕ್ರೀಟ್. ಅಂದರೆ ಇರುವುದು ಇವತ್ತೊಂದೇ ದಿನ. ತೆಗೆದದ್ದನ್ನು ತೆಗೆದಲ್ಲೇ ಇಟ್ಟುಬಿಟ್ಟರೆ ಅದು ಅಣ್ಣನನ್ನು ಬಿಟ್ಟರೂ ಬಿಡಬಹುದು. ನಾಳೆಯಾದರೆ ಇಡಲು ಜಾಗವೇ ಇರುವುದಿಲ್ಲ.

ತಾತ ಚಾಪೆಯ ಮೇಲೆ ಕಣ್ಣು ಮುಚ್ಚಿದ್ದೇ ತಡ, ಮೋಹಿತ ಮಂಚದಡಿಯಿಂದ ಬ್ಯಾಗನ್ನು ಎಳೆದ. ಅದು ಅವನ ಅರ್ಧದಷ್ಟು ಭಾರ. ಒಂದು ಕಡೆ ಹೊತ್ತು, ಒಂದು ಕಡೆ ಎಳೆದು, ಹಿಂದಿನ ಬೀದಿಯಿಂದ ಸೈಟಿಗೆ ಬಂದ. ಕೆಲಸದವರು ಊಟ ಮುಗಿಸಿ ಅತ್ತ ಶೆಡ್ಡಿನ ನೆರಳಲ್ಲಿ ಮಲಗಿದ್ದರು. ಹಗೇವಿನ ತಳದಲ್ಲಿ ಕಂಬಿಯ ಬಲೆ ಹರಡಿತ್ತು, ಆದರೆ ಒಂದು ಮೂಲೆಯಲ್ಲಿ ಕಪ್ಪು ಮಣ್ಣು ಇನ್ನೂ ಕಾಣುತ್ತಿತ್ತು. ಬ್ಯಾಗನ್ನು ಮೊದಲು ಜಾರಿಸಿದ. ಅದು ಕಂಬಿಗೆ ಬಡಿದು ಠಣ್ಣೆಂದಿತು. ಆಮೇಲೆ ತಾನೂ ಇಳಿದ. ಕಾಲಡಿಯ ಕೆಸರು ಜಾರುತ್ತಿತ್ತು. ಮಂಡಿಯೂರಿ ಎರಡು ಕೈಯಿಂದ ತೋಡತೊಡಗಿದ. "ತಗೋ," ಎನ್ನುತ್ತಿದ್ದ. "ತಗೋ, ವಾಪಸ್ ತಗೋ, ನಮ್ಮಣ್ಣನ್ನ ಬಿಡು."

"ಮೋಹಿತಾ!"

ತಾತನ ದನಿ ಅದೆಂದು ಅವನಿಗೆ ತಿಳಿಯಲೇ ಇಲ್ಲ. ಅಷ್ಟು ಎತ್ತರದ ದನಿಯನ್ನು ತಾತನಿಂದ ಅವನು ಎಂದೂ ಕೇಳಿರಲಿಲ್ಲ. ತಲೆಯೆತ್ತಿದರೆ ತಾತ ರಸ್ತೆಯ ಅಂಚಿನಲ್ಲಿ ನಿಂತಿದ್ದ. ಬರಿಗಾಲು, ಅಂಗಿಯಿಲ್ಲ, ಪಂಚೆಯ ಒಂದು ಚುಂಗು ಕೈಯಲ್ಲಿ.

"ಮೇಲೆ ಬಾ! ಉಸಿರು ಬಿಗಿ ಹಿಡ್ಕೊಂಡು ಮೇಲೆ ಬಾರೋ! ಬಾರೋ ನಮ್ಮಪ್ಪಾ!"

ಹತ್ತಲು ಹೋದ ಮೋಹಿತ ಜಾರಿದ. ಮತ್ತೆ ಹತ್ತಿದ, ಮತ್ತೆ ಜಾರಿದ. ತಾತ ರಸ್ತೆಯಿಂದ ಒಂದು ಹೆಜ್ಜೆ ಇಟ್ಟ, ನಿಂತ. ಮನೆ ಕೆಡವಿದ ದಿನದಿಂದಲೂ ತಾತ ಇತ್ತ ಕಾಲಿಟ್ಟವನಲ್ಲ. ದೂಳು ಆಗಲ್ಲ ಎನ್ನುತ್ತಿದ್ದ. ಈಗ ಆ ಹತ್ತು ಹೆಜ್ಜೆಯನ್ನು ಹೇಗೆ ದಾಟಿದನೋ, ಗುಂಡಿಯ ಅಂಚಿಗೆ ಬಂದು ಬೋರಲು ಮಲಗಿ ಎರಡೂ ಕೈ ಚಾಚಿದ. ಮೋಹಿತ ಆ ಕೈಗಳನ್ನು ಹಿಡಿದ. ಎಪ್ಪತ್ತೆರಡು ವರ್ಷದ ಮುದುಕನ ಹಿಡಿತವಲ್ಲ ಅದು. ಮೊಣಕೈ ತರಚಿ ರಕ್ತ ಬಂದರೂ ಬಿಡದೆ ಮೇಲಕ್ಕೆಳೆದು, ಮೊಮ್ಮಗನ ಮೂಗಿನ ಹತ್ತಿರ ಅಂಗೈ ಹಿಡಿದು ನೋಡಿದ.

"ಉಸಿರಾಡ್ತಿದೀಯೇನೋ? ಮಾತಾಡೋ!"

"ತಾತ, ಅಣ್ಣ ಸತ್ತೋಗ್ತಾನೆ," ಎಂದು ಮೋಹಿತ ಅಳತೊಡಗಿದ. "ನಾನೇ ಸಾಯಿಸ್ತಿರೋದು."

ಸಾಲಿಡ್ ಬ್ಲಾಕಿನ ರಾಶಿಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ಬಿಂದಿಗೆ, ಆಣೆ, ಅಜ್ಜಿಯ ಮಾತು. ಗೊತ್ತಿದ್ದೂ ಅಣ್ಣನಿಗೆ ಹೇಳದೆ ಇದ್ದದ್ದು. ಅಳು ಕೇಳಿ ಎದ್ದ ಕೆಲಸದವನೊಬ್ಬ ಬಂದು, ಕಂಬಿಗೆ ಸಿಕ್ಕಿಕೊಂಡಿದ್ದ ಬ್ಯಾಗನ್ನು ಎತ್ತಿಕೊಟ್ಟು ಹೋದ. ತಾತ ಜಿಪ್ ತೆಗೆದು ಪ್ಯಾಡು ಸರಿಸಿದ. ಬಿಂದಿಗೆಯ ಕತ್ತಿನ ಮೇಲೊಂದು ನಗ್ಗು ಇತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದ.

"ಇದು ನಮ್ಮವ್ವಂದು," ಎಂದ.

"ನಿಧಿ ಅಲ್ವಾ?"

"ನಿಧೀನೂ ಇಲ್ಲ ಗಿಧೀನೂ ಇಲ್ಲ. ನಮ್ಮಪ್ಪ ಇಸ್ಪೀಟು ಆಡೋನು. ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತೆ ಇಟ್ಟುಬರೋನು. ಅದಕ್ಕೆ ಅವ್ವ ತವರಿನ ಒಡವೇನೆಲ್ಲ ಇದಕ್ಕೆ ತುಂಬಿ ಹಗೇವಿನ ರಾಗಿಯೊಳಗೆ ಹೂತಿದ್ಲು. ಮಕ್ಕಳು ನಮಗೆ ಮಾತ್ರ ಗೊತ್ತಿತ್ತು."

ಶೆಡ್ಡಿನ ಹತ್ತಿರ ಯಾರೋ ರೇಡಿಯೋ ಹಾಕಿದರು. ತಾತ ಅತ್ತ ನೋಡಿ, ಅದು ನಿಲ್ಲಲಿ ಎಂದು ಕಾಯುವವನಂತೆ ಸ್ವಲ್ಪ ಹೊತ್ತು ಕೂತ. ಅದು ನಿಲ್ಲಲಿಲ್ಲ.

"ಹಗೇವಿನ ಬಾಯಿ ತೆಗೆದ ತಕ್ಷಣ ಇಳೀಬಾರ್ದು. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತೆ. ಒಂದು ಹೊತ್ತು ಬಿಡ್ಬೇಕು, ಆಮೇಲೆ ಲಾಂದ್ರಕ್ಕೆ ಹಗ್ಗ ಕಟ್ಟಿ ಇಳಿಸ್ಬೇಕು. ದೀಪ ಉರೀತಿದ್ರೆ ಆಳು ಇಳೀಬೋದು. ಆರಿದ್ರೆ ಇಳೀಬಾರ್ದು. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಅವತ್ತು ಲಾಂದ್ರ ಹಿಡಿದಿದ್ದೋನು ನಾನು. ಎಂಟು ವರ್ಷ ನಂಗೆ."

"ಆಮೇಲೆ?"

"ಇಳಿಸ್ದೆ. ಆರೋಯ್ತು."

ಮೋಹಿತ ತಾತನ ಹತ್ತಿರಕ್ಕೆ ಸರಿದು ಕೂತ.

"ಮತ್ತೆ ಹಚ್ಚಬೇಕು ಅಂದ್ರೆ ಒಲೆ ಹತ್ರ ಹೋಗಿ ಬೆಂಕಿ ತರ್ಬೇಕಿತ್ತು. ಮತ್ತೆ ಕಾಯ್ಬೇಕಿತ್ತು, ಮತ್ತೆ ಇಳಿಸ್ಬೇಕಿತ್ತು. ಕೆರೇಲಿ ಹುಡುಗ್ರು ಮೀನು ಹಿಡೀತಿದ್ರು ಕಣೋ. ಅವ್ರ ಕೂಗು ಕೇಳಿಸ್ತಿತ್ತು. ನಮ್ಮಣ್ಣ ಗೋಣಿಚೀಲ ತಗೊಂಡ್ ಬಂದು, 'ಉರೀತೇನೋ ಬೋರಾ?' ಅಂದ. 'ಉರೀತು ಕಣಣ್ಣ' ಅಂದೆ."

ತಾತ ಪಂಚೆಯ ಚುಂಗಿನಿಂದ ಮೊಣಕೈಯ ರಕ್ತ ಒರೆಸಿಕೊಂಡ.

"ಅವ್ವ ಓಡಿ ಬಂದಾಗ ಆರಿದ ಲಾಂದ್ರ ಇನ್ನೂ ನನ್ನ ಕೈಲೇ ಇತ್ತು. ಅವಳು ಲಾಂದ್ರ ನೋಡಿದ್ಲು, ನನ್ನ ಮುಖ ನೋಡಿದ್ಲು. ಕಿತ್ಕೊಂಡು ಸೆರಗಿನ ಕೆಳಗೆ ಇಟ್ಕೊಂಡ್ಲು. ಊರೋರು ಸೇರಿ 'ದೀಪ ಇಳಿಸಿದ್ರಾ?' ಅಂತ ಕೇಳೋ ಹೊತ್ತಿಗೆ ಎದೆ ಬಡ್ಕೊಂಡು ಕೂಗಿದ್ಲು, 'ನಿಧಿ ತಗೊಂಡ್ತು, ನನ್ ಹಿರೀ ಮಗನ್ನ ನಿಧಿ ತಗೊಂಡ್ತು' ಅಂತ. ಎಲ್ರೂ ನಂಬಿದ್ರು. ಯಾರೂ ನನ್ನ ಏನೂ ಕೇಳ್ಲಿಲ್ಲ. ಅವಳು ಸಾಯೋವರೆಗೂ ಒಡವೆ ತೆಗೆಸ್ಲಿಲ್ಲ. ತೆಗೆಸಿದ್ರೆ ನಿಧಿ ಅಲ್ಲ ಅಂತ ಗೊತ್ತಾಗ್ಬಿಡ್ತಿತ್ತಲ್ಲ. ಬೋಳು ಕತ್ತಲ್ಲೇ ಹೋದ್ಲು. ನನ್ನ ಉಳಿಸೋಕೆ ಆಡಿದ ಸುಳ್ಳು. ಅದು ಇಷ್ಟು ವರ್ಷ ಬಿಟ್ಟು ಬಂದು ನಿನ್ನ ಕತ್ತಿನ ಮೇಲೆ ಕೂತಿದೆ."

ಮಕ್ಕಳಿಗೆ ಕೇಳಬೇಕಾದದ್ದು ಒಂದೇ ಇರುತ್ತದೆ.

"ಹಂಗಾದ್ರೆ ಅಣ್ಣ ಸಾಯಲ್ವಾ?"

ತಾತ ಸುಳ್ಳು ಸಮಾಧಾನ ಕೊಡಲಿಲ್ಲ. ಕೊಡಬಹುದಿತ್ತು. ಸಾಯಲ್ಲ ಎಂದರೆ ಆಗುತ್ತಿತ್ತು.

"ಅದು ನಂಗೆ ಗೊತ್ತಿಲ್ಲ ಕಣಪ್ಪ. ಸೊಳ್ಳೆ ಕಚ್ಚಿ ಬಂದಿರೋ ಜ್ವರ. ಡಾಕ್ಟ್ರು ನೋಡ್ಕೊತಾವ್ರೆ. ಆದ್ರೆ ನಿನ್ನಿಂದ ಅಲ್ಲ. ಅಷ್ಟು ನಂಗೆ ಗೊತ್ತು."

"ನಿಮ್ಮಣ್ಣ? ಅವ್ರು ನಿನ್ನಿಂದ ಸತ್ತಿದ್ದಾ?"

"ಹೂಂ," ಎಂದ ತಾತ. "ನನ್ನಿಂದ."

ಮೋಹಿತ ಎದ್ದು ಕಣ್ಣೊರೆಸಿಕೊಂಡ. ಕೈಯ ಕೆಸರೆಲ್ಲ ಕೆನ್ನೆಗೆ ಹತ್ತಿತು. "ಬಾ, ಆಸ್ಪತ್ರೆಗೆ ಹೋಗೋಣ. ಅಜ್ಜಿ ಅಲ್ಲೂ ಅದೇ ಹೇಳಿಕೊಂಡು ಅಳ್ತಾವ್ಳೆ. ಅಣ್ಣ ಕೇಳಿಸ್ಕೊಂಡವ್ನೆ. ಅವನಿಗೆ ಭಯ ಆಗ್ತಿದೆ."

"ಏನಂತ ಹೇಳ್ಲಿ ಅಲ್ಲಿ ಹೋಗಿ? ಎಲ್ರ ಮುಂದೆ..."

"ಈಗ ಹೇಳಿದ್ಯಲ್ಲ. ಹಂಗೇ. ನಾನು ಹೇಳಿದ್ರೆ ನಂಬಲ್ಲ, ನೀನೇ ಹೇಳ್ಬೇಕು."

ತಾತ ಬ್ಲಾಕುಗಳ ಮೇಲಿಂದ ಏಳಲಿಲ್ಲ. ಅವನ ಕಣ್ಣು ಹಗೇವಿನ ಮೇಲಿತ್ತು. ಮೋಹಿತ ಬ್ಯಾಗಿನ ಒಂದು ಹಿಡಿ ಹಿಡಿದು, ಇನ್ನೊಂದು ಹಿಡಿಯನ್ನು ತಾತನ ಕೈಗೆ ಕೊಟ್ಟು ನಿಂತ. ಎಷ್ಟೋ ಹೊತ್ತಾದ ಮೇಲೆ ತಾತ ಎದ್ದ. ಮನೆಗೆ ಹೋಗಿ ಅಂಗಿ ಹಾಕಿಕೊಂಡ, ಮೊಮ್ಮಗನ ಮುಖ ತೊಳೆಸಿದ. ಆಟೋ ಹಿಡಿದರು. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ತಾತ ಬ್ಯಾಗಿನ ಹಿಡಿ ಬಿಡಲಿಲ್ಲ. ಬ್ಯಾಗು ಇಬ್ಬರ ನಡುವೆ ಮೂರನೆಯವರಂತೆ ಕೂತಿತ್ತು.

ವಾರ್ಡಿನ ಬಾಗಿಲಲ್ಲಿ ನರ್ಸ್, "ಮಕ್ಕಳನ್ನ ಬಿಡಲ್ಲ ಅಂಕಲ್," ಎಂದಳು. "ಐದೇ ನಿಮಿಷಮ್ಮ," ಎಂದ ತಾತನ ಮುಖ ನೋಡಿ ಏನೆನ್ನಿಸಿತೋ, ಸರಿದು ದಾರಿ ಬಿಟ್ಟಳು.

ಮನೋಜ ದಿಂಬಿಗೆ ಒರಗಿದ್ದ. ತುಟಿ ಒಡೆದಿತ್ತು, ಕೈಗೆ ಡ್ರಿಪ್. ತಮ್ಮನ ಕೈಯಲ್ಲಿ ಬ್ಯಾಗು ನೋಡಿದ್ದೇ ಕಣ್ಣು ಕೆಂಪಾಯಿತು. "ಹೇಳ್ಬಿಟ್ಯಾ? ಆಣೆ ಮಾಡಿದ್ದೆ!"

"ಮುರಿದೆ," ಎಂದ ಮೋಹಿತ. "ತಾತ ಏನೋ ಹೇಳ್ಬೇಕಂತೆ, ಕೇಳು."

ಅಪ್ಪ ಬ್ಯಾಗಿನೊಳಗೆ ನೋಡಿ ಜಿಪ್ ಎಳೆದ. ಮತ್ತೆ ತೆಗೆದು ನೋಡಿದ. ಅಮ್ಮ ಬಾಯಿಗೆ ಸೆರಗು ಹಚ್ಚಿದಳು. ಅಜ್ಜಿ ಒಂದು ವಂಕಿಯ ಅಂಚು ಕಂಡಳೋ ಇಲ್ಲವೋ, "ಅಯ್ಯೋ ಶಿವನೇ! ಹಿರೀ ಮಗನ ಕೈ ಸೋಕ್ತಾ? ನಾನಂದ್ಕೊಂಡೆ, ನಾನಂದ್ಕೊಂಡೆ!" ಎಂದು ಹಣೆ ಬಡಿದುಕೊಂಡಳು.

"ನಾರಾಯಣೀ," ಎಂದ ತಾತ. "ಸ್ವಲ್ಪ ಸುಮ್ನಿರು. ಅದು ಯಾರನ್ನೂ ತಗೊಳ್ಲಿಲ್ಲ."

ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ತಾತ ಹೇಳಿದ. ಸೈಟಿನಲ್ಲಿ ಹೇಳಿದಷ್ಟು ಚೆನ್ನಾಗಿ ಹೇಳಲಾಗಲಿಲ್ಲ. ಲಾಂದ್ರ ಆರಿದ ಜಾಗಕ್ಕೆ ಬಂದಾಗ ಕಥೆ ಅಲ್ಲೇ ನಿಂತಿತು. ಮೋಹಿತ ಹತ್ತಿರ ಹೋಗಿ ನಿಂತು, "ಆಮೇಲೆ ನೀನು ಉರೀತು ಅಂದೆ," ಎಂದು ನೆನಪಿಸಿದ. "ಹೂಂ. ಉರೀತು ಅಂದೆ," ಎಂದು ತಾತ ಮುಂದುವರಿಸಿದ. ಪಕ್ಕದ ಮಂಚದ ರೋಗಿಯ ಕಡೆಯವರು ಹಣ್ಣು ಹೆಚ್ಚುವುದನ್ನು ನಿಲ್ಲಿಸಿ ಕೇಳಿದರು.

ಮುಗಿದ ಮೇಲೆ ಮೊದಲು ಮಾತಾಡಿದವನು ಮನೋಜ. "ಹಂಗಾದ್ರೆ ಹಿರೀ ಮಗ ಅನ್ನೋದೆಲ್ಲ ಬರೀ ಓಳಾ?"

"ಓಳು," ಎಂದ ಮೋಹಿತ.

"ನೀನು ಇದನ್ನ ನಂಬ್ಕೊಂಡು ಹನ್ನೆರಡು ದಿನ ನನ್ ಬಾಲ ಹಿಡ್ಕೊಂಡು ತಿರುಗಿದ್ಯಾ?" ಒಡೆದ ತುಟಿಯಲ್ಲೇ ನಗಲು ಹೋಗಿ, ನೋವಾಗಿ, ಮುಖ ಕಿವಿಚಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ, "ಮೊದ್ಲೇ ಹೇಳ್ಬೇಕಿತ್ತು ಕಣೋ ಮಂಗ. ಬಯ್ತಿದ್ದೆ ಅಷ್ಟೆ."

ಅಷ್ಟರಲ್ಲಿ ಡಾಕ್ಟರ್ ಬಸವಪ್ರಸಾದ್ ಮಧ್ಯಾಹ್ನದ ರಿಪೋರ್ಟ್ ಹಿಡಿದು ಬಂದರು. "ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ ಇದೆ. ಏರಿಲ್ಲ, ಆದ್ರೆ ಇಳಿದೂ ಇಲ್ಲ. ಇನ್ನೆರಡು ದಿನ ಹುಷಾರಾಗಿ ನೋಡ್ಕೋಬೇಕು," ಎಂದರು. ಅಮ್ಮ ಕೈ ಮುಗಿದಳು. ಎರಡು ದಿನ ಎಂಬುದನ್ನು ಮೋಹಿತ ಮನಸ್ಸಿನಲ್ಲೇ ಹಿಡಿದುಕೊಂಡ. ಹೊಟ್ಟೆಯ ಕಲ್ಲು ಪೂರ್ತಿ ಕರಗಿರಲಿಲ್ಲ. ಆದರೆ ಈಗ ಅದು ಮನೆಮಂದಿಯೆಲ್ಲ ಹೊತ್ತ ಕಲ್ಲು, ಅವನೊಬ್ಬನದಲ್ಲ.

ಅಜ್ಜಿ ಎಲ್ಲೂ ಕಾಣಲಿಲ್ಲ. ತಾತ ಬಾಗಿಲ ಕಡೆಗೇ ನೋಡುತ್ತಿದ್ದ. ಎರಡು ಸಲ ಏಳಲು ಹೋಗಿ ಮತ್ತೆ ಕೂತ.

"ನಾನು ನೋಡ್ಕೊಂಡು ಬರ್ತೀನಿ," ಎಂದು ಮೋಹಿತ ಹೊರಟ.

ಕೆಳಗೆ, ಮೆಟ್ಟಿಲ ಬುಡದಲ್ಲಿ, ಔಷಧಿ ಅಂಗಡಿಯ ಎದುರು ಅಜ್ಜಿ ಒಬ್ಬಳೇ ಕೂತಿದ್ದಳು. ಮೋಹಿತ ಪಕ್ಕದಲ್ಲಿ ಕೂತ. ಅವಳು ಅವನ ಕೈ ಹಿಡಿದು, ಉಗುರಿನ ಸಂದಿನ ಕಪ್ಪು ಮಣ್ಣನ್ನು ತನ್ನ ಉಗುರಿನಿಂದ ತೆಗೆಯತೊಡಗಿದಳು.

"ಐವತ್ತೆರಡು ವರ್ಷ ಆಯ್ತು ಈ ಮನೆಗೆ ಬಂದು," ಎಂದಳು. "ಒಂದ್ ಮಾತು ಹೇಳ್ಲಿಲ್ಲ ಆ ಮನುಷ್ಯ. ನಿಮ್ಮಪ್ಪ ಹುಟ್ಟಿದಾಗ ಹಿರೀ ಮಗ ಅಂತ ನಾನೆಷ್ಟು ಹೆದರಿದ್ದೆ ಗೊತ್ತಾ? ಮೊಲೆ ಹಾಲು ಬತ್ತಿ ಹೋಗೋ ಅಷ್ಟು. ಪಕ್ಕದಲ್ಲೇ ಮಲಗಿದ್ದು ನೋಡ್ತಿದ್ರು. ಹೇಳ್ಲಿಲ್ಲ."

ಮೋಹಿತ ಅವಳಿಗೆ ಒತ್ತಿಕೊಂಡು ಕೂತ.

"ನಿಂಗೆ ಹೇಳಿದ್ದೂ ನಾನೇ ಅಲ್ವೇನೋ. ಬೇಳೆ ಆರಿಸ್ಕೊಂಡು, ಬಾಯಿ ಸುಮ್ನಿರ್ದೆ."

"ನಿಂಗೆ ಗೊತ್ತಿರ್ಲಿಲ್ಲ ಅಲ್ವಾ ಅಜ್ಜಿ."

"ಗೊತ್ತಿರ್ಲಿಲ್ಲ ಕಣಪ್ಪ." ಅವಳು ಅವನ ಇನ್ನೊಂದು ಕೈ ತೆಗೆದುಕೊಂಡಳು. ಐದೂ ಬೆರಳು ಮುಗಿಸಿದಳು. ಆಮೇಲೆ ಕೇಳಿದಳು, "ಎಷ್ಟು ವರ್ಷ ಅಂದ್ರು ಅವ್ರಿಗೆ ಆವಾಗ?"

"ಎಂಟು."

"ನಿನ್ಗಿಂತ ಚಿಕ್ಕೋನು," ಎಂದಳು, ಅವನ ಮುಖವನ್ನೇ ನೋಡುತ್ತಾ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಊಟ ಮಾಡಿದ್ರಾ ಮಧ್ಯಾಹ್ನ?"

"ಅನ್ನ ಕಲಸಿಟ್ಟಿತ್ತು. ನಾನು ತಿನ್ಲಿಲ್ಲ, ತಾತಾನೂ ಎರಡು ತುತ್ತು ತಿಂದು ಕೈ ತೊಳ್ಕೊಂಡ್ತು."

ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು. ಕ್ಯಾಂಟೀನಿಗೆ ಹೋಗಿ ಎರಡು ಪೊಟ್ಟಣ ಇಡ್ಲಿ ಕಟ್ಟಿಸಿದಳು. ಒಂದನ್ನು ಬಿಚ್ಚಿ, ನಿಂತಲ್ಲೇ ಮೋಹಿತನಿಗೆ ತಿನ್ನಿಸಿದಳು. ಇನ್ನೊಂದನ್ನು ಅವನ ಕೈಗೆ ಕೊಟ್ಟು ಮೆಟ್ಟಿಲ ಕಡೆ ತಿರುಗಿಸಿದಳು.

"ನೀನೇ ಕೊಡು. ನಾನು ಕೊಡಲ್ಲ," ಎಂದಳು. "ತಿಂದ್ರಾ ಇಲ್ವಾ ಅಂತ ಬಂದು ಹೇಳು."